ಮೈ ತಡಕುವುದು ಸಾಕು, ಅಲೆಗಳನ್ನು ಆಲಿಸಿ

2023ರ ಅಕ್ಟೋಬರ್ 28ರಂದು ರಾಜ್ಯದ ನಿಗಮ, ಮಂಡಳಿಗಳ ಹುದ್ದೆಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಕೆಲವು ಅಭ್ಯರ್ಥಿಗಳು ಬ್ಲೂಟೂತ್ ಸಾಧನ ಬಚ್ಚಿಟ್ಟುಕೊಂಡು ಹೊರಗಿನಿಂದ ಉತ್ತರ ಕೇಳಿಸಿಕೊಳ್ಳುತ್ತಿದ್ದುದು ಬಯಲಾಯಿತು. ಅದಕ್ಕೂ ಎರಡು ವರ್ಷ ಮೊದಲು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲೂ ಇದೇ ತಂತ್ರ ಬಳಕೆಯಾಗಿತ್ತು. ಆ ಆಯ್ಕೆಪಟ್ಟಿಯೇ ರದ್ದಾಗಿ, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿ, ಮರುಪರೀಕ್ಷೆ ನಡೆಯುವ ಹೊತ್ತಿಗೆ 2024ರ ಜನವರಿ ಬಂದಿತ್ತು. ಹಗಲಿರುಳು ಓದಿದ ಸಾವಿರಾರು ಹುಡುಗ ಹುಡುಗಿಯರ ವಯಸ್ಸಿನ ಎರಡು ವರ್ಷ ಹಾಗೇ ಕರಗಿಹೋಯಿತು. ಇದಕ್ಕೆ ವ್ಯವಸ್ಥೆ ಕಂಡುಕೊಂಡ ಉತ್ತರವೆಂದರೆ ಬಟ್ಟೆ ಮತ್ತು ಮೈ. ತುಂಬುತೋಳಿನ ಅಂಗಿ ಬೇಡ, ಶೂ ಬೇಡ, ತಲೆ ಮುಚ್ಚುವ ವಸ್ತ್ರ ಬೇಡ, ಆಭರಣ ಬೇಡ ಎಂಬ ಸೂಚನೆಗಳು ಬಂದವು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ತಾಳಿ ತೆಗೆಸಿದರೆಂಬ ದೂರು ಕೇಳಿಬಂತು. 2025ರ ಏಪ್ರಿಲ್‌ನ ಸಿಇಟಿ ವೇಳೆ ಶಿವಮೊಗ್ಗ ಮತ್ತು ಬೀದರ್‌ನಲ್ಲಿ ವಿದ್ಯಾರ್ಥಿಗಳಿಗೆ ಜನಿವಾರ ತೆಗೆಯಲು ಹೇಳಿದ್ದು ರಾಜ್ಯದಾದ್ಯಂತ ಆಕ್ರೋಶಕ್ಕೆ ಕಾರಣವಾಯಿತು. ಯಾವ ಜಾತಿ, ಯಾವ ಧರ್ಮದ ಅಭ್ಯರ್ಥಿಗೇ ಆಗಲಿ, ಬದುಕಿನ ಮುಖ್ಯ ಪರೀಕ್ಷೆಗೆ ಹತ್ತು ನಿಮಿಷ ಮೊದಲು ಹೀಗೆ ಅವಮಾನ ಆಗಕೂಡದು. ಬಚ್ಚಿಟ್ಟ ಸಾಧನವನ್ನು ಹುಡುಕಲು ಮೈ ತಡಕಬೇಕಾಗಿಲ್ಲ. ಆ ಸಾಧನ ತಾನಿರುವ ಜಾಗವನ್ನು ತಾನೇ ರೇಡಿಯೊ ಅಲೆಗಳಲ್ಲಿ ಸಾರುತ್ತಿರುತ್ತದೆ. ಅದನ್ನು ಆಲಿಸುವ ವಿದ್ಯೆಗೆ ಎಂಬತ್ತು ವರ್ಷಗಳ ಇತಿಹಾಸವಿದೆ. ಪರೀಕ್ಷಾ ಕೊಠಡಿಗೆ ಬೇಕಾದದ್ದು ಆ ವಿದ್ಯೆ.

ತಂತಿಯೊಳಗೆ ವಿದ್ಯುತ್ ಏರಿಳಿದರೆ ಅದರ ಸುತ್ತಲಿನ ವಿದ್ಯುತ್ಕಾಂತೀಯ ಕ್ಷೇತ್ರವೂ ಏರಿಳಿಯುತ್ತದೆ. ಅದರಲ್ಲೊಂದು ಪಾಲು ಅಲೆಯಾಗಿ ಹೊರಬೀಳುತ್ತದೆ. ಇದು ತಯಾರಕರ ಅಸಡ್ಡೆಯಿಂದ ಆಗುವಂಥದ್ದಲ್ಲ, ನಿಸರ್ಗದ ನಿಯಮ. ಮೀಡಿಯಂ ವೇವ್ ಇರುವ ಎರಡು ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಿದ್ದರೆ ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದನ್ನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಹೊಂದಿಸಿ. ಇನ್ನೊಂದನ್ನು 1067ರ ಆಸುಪಾಸಿನಲ್ಲಿ, ಯಾವ ಕೇಂದ್ರವೂ ಸಿಗದೆ ಬರೀ ಗೊರಗೊರ ಕೇಳಿಸುವ ಜಾಗದಲ್ಲಿ ಇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮೊದಲನೆಯದರ ಗುಂಡಿಯನ್ನು ನಿಧಾನವಾಗಿ ಆಚೀಚೆ ತಿರುಗಿಸಿದರೆ, ಒಂದು ಹಂತದಲ್ಲಿ ಎರಡನೆಯದರ ಗೊರಗೊರ ತಟ್ಟನೆ ತಗ್ಗುತ್ತದೆ, ಇಲ್ಲವೇ ಸಣ್ಣ ಸಿಳ್ಳೆ ಎದ್ದು ಬರುತ್ತದೆ. ಮೊದಲನೆಯ ರೇಡಿಯೊ ಏನನ್ನೂ ಪ್ರಸಾರ ಮಾಡುವ ಯಂತ್ರವಲ್ಲ, ಕೇಳುವ ಯಂತ್ರ. ಆದರೆ ಬೇಕಾದ ಕೇಂದ್ರವನ್ನು ಆರಿಸಿಕೊಳ್ಳಲು ಅದರೊಳಗೆ ಒಂದು ಪುಟ್ಟ ಆಂದೋಲಕ ಕೆಲಸ ಮಾಡುತ್ತಿರುತ್ತದೆ, ಕೇಂದ್ರದ ಕಂಪನಾಂಕಕ್ಕಿಂತ ಸರಿಯಾಗಿ 455 ಕಿಲೋಹರ್ಟ್ಸ್ ಮೇಲೆ. 612ಕ್ಕೆ 455 ಕೂಡಿಸಿದರೆ 1067. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಮೊದಲ ಮಹಾಯುದ್ಧದ ಕೊನೆಯಲ್ಲಿ ರೂಪಿಸಿದ ಈ ವಿನ್ಯಾಸವೇ ಮುಂದೆ ಜಗತ್ತಿನ ಬಹುಪಾಲು ರೇಡಿಯೊ, ಟಿವಿಗಳ ಒಡಲಾಯಿತು. ಆದ್ದರಿಂದ ಗುಟ್ಟಾಗಿ ರೇಡಿಯೊ ಕೇಳುವವನನ್ನೂ ಹೊರಗಿನಿಂದ ಪತ್ತೆ ಹಚ್ಚಬಹುದು; ಅಷ್ಟೇ ಅಲ್ಲ, ಅವನು ಯಾವ ಕೇಂದ್ರ ಕೇಳುತ್ತಿದ್ದಾನೆ ಎಂಬುದನ್ನೂ ಲೆಕ್ಕ ಹಾಕಿ ಹೇಳಬಹುದು.

ಈ ಸೋರಿಕೆಯ ಮಹತ್ವ ಮೊದಲು ಹೊಳೆದದ್ದು ಸೇನೆ ಮತ್ತು ಗೂಢಚಾರ ಸಂಸ್ಥೆಗಳಿಗೆ. ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಸೇನೆ ಬಳಸುತ್ತಿದ್ದ ಗೂಢಲಿಪಿ ಟೆಲಿಪ್ರಿಂಟರ್ ಒಂದನ್ನು ಬೆಲ್ ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ, ಯಂತ್ರ ಒಂದೊಂದು ಹೆಜ್ಜೆ ಸರಿದಾಗಲೂ ಕೊಠಡಿಯ ಇನ್ನೊಂದು ಮೂಲೆಯಲ್ಲಿದ್ದ ಆಸಿಲೋಸ್ಕೋಪ್‌ನ ತೆರೆಯ ಮೇಲೆ ಮೊನೆಯೊಂದು ಎದ್ದದ್ದನ್ನು ಎಂಜಿನಿಯರ್‌ಗಳು ಕಂಡರು. ಸೇನೆ ನಂಬಲಿಲ್ಲ. ಆಗ ಅವರು ನ್ಯೂಯಾರ್ಕಿನ ವ್ಯಾರಿಕ್ ಬೀದಿಯಲ್ಲಿ, ಸೇನೆಯ ಗೂಢಲಿಪಿ ಕೇಂದ್ರದಿಂದ ಸುಮಾರು 80 ಅಡಿ ಆಚೆಯ ಕಟ್ಟಡದಲ್ಲಿ ಕೂತು ಒಂದು ಗಂಟೆ ಅಲೆಗಳನ್ನು ದಾಖಲಿಸಿಕೊಂಡರು. ಮೂರು ನಾಲ್ಕು ಗಂಟೆಗಳಲ್ಲಿ ಮೂಲ ಸಂದೇಶದ ಮುಕ್ಕಾಲು ಪಾಲನ್ನು ಸೇನೆಯ ಮುಂದಿಟ್ಟರು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಈ ಕಥೆಯನ್ನು ದಶಕಗಳ ಕಾಲ ಮುಚ್ಚಿಟ್ಟು 2007ರಲ್ಲಿ ಹೊರಬಿಟ್ಟಿತು. ಬ್ರಿಟನ್ನಿನ ಎಂಐ5ನಲ್ಲಿದ್ದ ಪೀಟರ್ ರೈಟ್ ತಂಡ 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಸೋವಿಯತ್ ರಾಯಭಾರ ಕಚೇರಿಯ ರೇಡಿಯೊ ಗ್ರಾಹಕಗಳನ್ನು ಪತ್ತೆಹಚ್ಚಿದ್ದು ಮೇಲೆ ಹೇಳಿದ ಆಂದೋಲಕದ ಸೋರಿಕೆಯಿಂದಲೇ. ಆ ಕಾರ್ಯಾಚರಣೆಗೆ ‘ರಾಫ್ಟರ್’ ಎಂದು ಹೆಸರಿಟ್ಟಿದ್ದರು. 1987ರಲ್ಲಿ ಅವರ ‘ಸ್ಪೈಕ್ಯಾಚರ್’ ಪುಸ್ತಕ ಬಂದಾಗ ವಿಷಯ ಜನರಿಗೆ ತಿಳಿಯಿತು. ನೆದರ್ಲೆಂಡ್ಸ್‌ನ ವಿಮ್ ವಾನ್ ಎಕ್ 1985ರಲ್ಲಿ, ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರಗಳನ್ನು ದೂರದಿಂದ ಸಾಮಾನ್ಯ ಟಿವಿ ಮತ್ತು ಕೆಲವೇ ಅಗ್ಗದ ಬಿಡಿಭಾಗಗಳಿಂದ ಓದಬಹುದೆಂದು ತೋರಿಸಿದ ಮೇಲೆ ಇದು ಸರ್ಕಾರಗಳ ಗುಟ್ಟಾಗಿ ಉಳಿಯಲಿಲ್ಲ.

ನಾಗರಿಕ ಆಡಳಿತ ಈ ವಿದ್ಯೆಯನ್ನು ಬಹಿರಂಗವಾಗಿ ಬಳಸಿದ ದೊಡ್ಡ ಉದಾಹರಣೆ ಬ್ರಿಟನ್ನಿನ ಟಿವಿ ಪತ್ತೆ ವಾಹನಗಳು. ನಮ್ಮಲ್ಲೂ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲವನ್ನು ಹಿರಿಯ ಓದುಗರು ಬಲ್ಲರು. ಬ್ರಿಟನ್ನಿನಲ್ಲಿ ಟಿವಿಗೆ ಆ ಶುಲ್ಕ ಇಂದಿಗೂ ಇದೆ. ಶುಲ್ಕ ಕಟ್ಟದೆ ಟಿವಿ ನೋಡುವವರನ್ನು ಹುಡುಕಲು ಅಲ್ಲಿನ ಅಂಚೆ ಇಲಾಖೆ 1952ರಲ್ಲಿ ಛಾವಣಿಯ ಮೇಲೆ ಸುರುಳಿಗಳನ್ನು ಹೊತ್ತ ವ್ಯಾನುಗಳನ್ನು ಬೀದಿಗಿಳಿಸಿತು. ಆಗಿನ ಬ್ರಿಟಿಷ್ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 405 ಗೆರೆ. ಅಂದರೆ ಎಲೆಕ್ಟ್ರಾನ್ ಕಿರಣವನ್ನು ಎಡದಿಂದ ಬಲಕ್ಕೆ ಎಳೆಯುವ ಸುರುಳಿಯಲ್ಲಿ ವಿದ್ಯುತ್ ಸೆಕೆಂಡಿಗೆ 10,125 ಸಲ ಏರಿ ಇಳಿಯುತ್ತಿತ್ತು. ಮನೆಯ ಗೋಡೆ ದಾಟಿ ರಸ್ತೆಗೆ ಬರುತ್ತಿದ್ದ ಆ ಮಿಡಿತವನ್ನು ವ್ಯಾನಿನ ಸುರುಳಿಗಳು ಹಿಡಿಯುತ್ತಿದ್ದವು. ಈ ಪ್ರಸಂಗದಲ್ಲಿ ನಮಗೆ ಮುಖ್ಯವಾದದ್ದು ತಂತ್ರಕ್ಕಿಂತ ಅದರ ಕಾನೂನಿನ ಕಥೆ. ಪತ್ತೆ ಯಂತ್ರದ ದಾಖಲೆಯನ್ನು ಆರೋಪ ಸಾಬೀತುಪಡಿಸುವ ಸಾಕ್ಷ್ಯವಾಗಿ ನ್ಯಾಯಾಲಯದ ಮುಂದಿಟ್ಟಿಲ್ಲ ಎಂದು ಬಿಬಿಸಿಯೇ ಹೇಳಿದೆ. ಮನೆ ಶೋಧಿಸಲು ವಾರಂಟ್ ಕೇಳುವಾಗ ಮಾತ್ರ ಅದನ್ನು ಆಧಾರವಾಗಿ ಕೊಡುತ್ತಿತ್ತು. ಅಲೆ ಸಿಕ್ಕಿತೆಂದರೆ ಪ್ರಶ್ನೆ ಕೇಳಲು ಕಾರಣ ಸಿಕ್ಕಿತು ಎಂದಷ್ಟೇ ಅರ್ಥ. ಶಿಕ್ಷಿಸಲು ಕಾರಣ ಸಿಕ್ಕಿತೆಂದಲ್ಲ. ನಮ್ಮ ಪರೀಕ್ಷಾ ಪ್ರಾಧಿಕಾರವೂ ಈ ಗೆರೆಯನ್ನು ದಾಟಬಾರದು.

ಈಗ ಪರೀಕ್ಷಾ ಕೊಠಡಿಗೆ ಬರೋಣ. ಇಂಥ ಅಕ್ರಮದಲ್ಲಿ ಬಳಕೆಯಾಗುವ ಸಾಮಾನ್ಯ ಜೋಡಣೆಯಲ್ಲಿ ಮೂರು ಭಾಗಗಳಿರುತ್ತವೆ. ಕಿವಿಯ ಒಳಗೆ ಕಡಲೆಕಾಳಿಗಿಂತ ಚಿಕ್ಕದಾದ ಇಯರ್‌ಪೀಸ್. ಕಾಲರಿನ ಒಳಗೆ ಅಥವಾ ಬಟ್ಟೆಯಲ್ಲಿ ಹೊಲಿದುಕೊಂಡ, ಕೊರಳ ಸುತ್ತ ಹಾಯುವ ತಂತಿಯ ಸುರುಳಿ. ಒಳಉಡುಪಿನಲ್ಲೋ ಸೊಂಟದಲ್ಲೋ ಅಡಗಿದ, ಸಿಮ್ ಇರುವ ಪುಟ್ಟ ಪೆಟ್ಟಿಗೆ ಅಥವಾ ಮೊಬೈಲ್. ಹೊರಗಿರುವವನ ದನಿ ಮೊಬೈಲ್ ಜಾಲದ ಮೂಲಕ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆಯಿಂದ ಸುರುಳಿಗೆ ಹರಿಯುತ್ತದೆ, ಸುರುಳಿಯ ಕಾಂತಕ್ಷೇತ್ರ ಕಿವಿಯೊಳಗಿನ ಚೂರನ್ನು ಮಿಡಿಸುತ್ತದೆ. ಕಿವಿಯ ಚೂರು ತಾನಾಗಿ ಯಾವ ರೇಡಿಯೊ ಅಲೆಯನ್ನೂ ಬಿಡುವುದಿಲ್ಲ. ಲೋಹಶೋಧಕಕ್ಕೂ ಸುಲಭಕ್ಕೆ ಸಿಗುವುದಿಲ್ಲ. ಬಾಗಿಲಲ್ಲಿ ತಡಕುವ ಕೈ ಸೋಲುವುದು ಇಲ್ಲಿಯೇ. ಆದರೆ ಉಳಿದ ಎರಡು ಭಾಗಗಳು ಮೌನವಾಗಿ ಇರಲಾರವು. ಪೆಟ್ಟಿಗೆ ಟವರಿನ ಜೊತೆ ಮಾತಾಡಲೇಬೇಕು. ನಡುವೆ ಬ್ಲೂಟೂತ್ ಇದ್ದರೆ ಎರಡೂ ತುದಿಗಳು 79 ಚಾನೆಲ್‌ಗಳಲ್ಲಿ ಸೆಕೆಂಡಿಗೆ 1,600 ಸಲದವರೆಗೆ ಜಿಗಿಯುತ್ತ ಒಂದಕ್ಕೊಂದು ಓಗೊಡುತ್ತಿರುತ್ತವೆ. ಬರೀ ಕೇಳುವ ತುದಿಯೂ ‘ಕೇಳಿಸಿತು’ ಎಂದು ಮರಳಿ ಹೇಳಲೇಬೇಕು. ಇವೆರಡೂ ಸಾಧನ ಬೇಕೆಂದೇ ಬಿಡುವ ಅಲೆಗಳು. ಬೇಡದೆಯೂ ಬಿಡುವಂಥದ್ದು ಕೊರಳ ಸುರುಳಿಯ ಕಾಂತಕ್ಷೇತ್ರ. ಅದು ಕಿವಿಯವರೆಗೆ ಹೋಗಿ ಅಲ್ಲಿಗೇ ನಿಲ್ಲುವುದಿಲ್ಲ, ಸುತ್ತಲೂ ಚೆಲ್ಲುತ್ತದೆ. ಕಿವುಡುತನಕ್ಕೆ ಹಾಕಿಕೊಳ್ಳುವ ಶ್ರವಣ ಸಾಧನಗಳಲ್ಲಿ ‘ಟೆಲಿಕಾಯಿಲ್’ ಎಂಬ ಚಿಕ್ಕ ತಂತಿಸುರುಳಿ ಇರುತ್ತದಲ್ಲ, ಅಂಥದ್ದೊಂದು ಸುರುಳಿ, ಒಂದು ಚಿಕ್ಕ ಆಂಪ್ಲಿಫೈಯರ್, ಒಂದು ಇಯರ್‌ಫೋನ್ ಇದ್ದರೆ ಆಯಿತು. ಕೊಠಡಿ ಮೇಲ್ವಿಚಾರಕರು ಅದನ್ನು ಕೈಯಲ್ಲಿ ಹಿಡಿದು ಬೆಂಚುಗಳ ಸಾಲಿನಲ್ಲಿ ಹಾದುಹೋಗುವಾಗ, ಅಭ್ಯರ್ಥಿಯ ಕೊರಳ ಸಮೀಪಕ್ಕೆ ಬರುತ್ತಿದ್ದಂತೆ, ಹೊರಗಿನವನು ಒಂದೊಂದೇ ಪ್ರಶ್ನೆಯ ಉತ್ತರ ಓದಿ ಹೇಳುತ್ತಿರುವ ದನಿ ಅವರ ಕಿವಿಗೂ ಬೀಳುತ್ತದೆ. ಯಾರ ಅಂಗಿಯ ಗುಂಡಿಯನ್ನೂ ಬಿಚ್ಚಿಸಬೇಕಾಗಿಲ್ಲ, ಯಾರ ಕೊರಳಿಗೂ ಕೈ ಹಾಕಬೇಕಾಗಿಲ್ಲ.

ಇದನ್ನು ಮಾಡುವ ಕ್ರಮವೂ ಸರಳ. ಅಭ್ಯರ್ಥಿಗಳು ಬರುವ ಮೊದಲೇ ಖಾಲಿ ಕೊಠಡಿಯ ಅಲೆಗಳನ್ನು ಒಮ್ಮೆ ಅಳೆದು ದಾಖಲಿಸಿಕೊಳ್ಳಬೇಕು: ಪಕ್ಕದ ಮನೆಯ ವೈಫೈ, ದೂರದ ಟವರ್, ಎಲ್‌ಇಡಿ ದೀಪದ ಗದ್ದಲ, ಸಿಸಿಟಿವಿ ಕ್ಯಾಮೆರಾ ಎಲ್ಲವೂ ಅದರಲ್ಲಿ ಬರುತ್ತವೆ. ಅಭ್ಯರ್ಥಿಗಳು ಕೂತ ಮೇಲೆ ಇನ್ನೊಮ್ಮೆ ಅಳೆದರೆ, ಎರಡರ ನಡುವಿನ ವ್ಯತ್ಯಾಸವೇ ಹುಡುಕಬೇಕಾದದ್ದು. ವ್ಯತ್ಯಾಸ ಕಂಡರೆ ಅದು ಯಾವ ಬೆಂಚಿನದೆಂದು ಹೇಳುವುದು ಅಂತರ. ರೇಡಿಯೊ ಅಲೆಯ ಮೂಲಕ್ಕೆ ಅರ್ಧ ದೂರ ಹತ್ತಿರವಾದರೆ ಸಾಮರ್ಥ್ಯ ನಾಲ್ಕು ಪಟ್ಟಾಗುತ್ತದೆ. ಕೊರಳ ಸುರುಳಿಯಂಥ ಪುಟ್ಟ ಕಾಂತಮೂಲದ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣ. ದೂರ ಅರ್ಧವಾದರೆ ಕ್ಷೇತ್ರ ಎಂಟು ಪಟ್ಟು. ಹೀಗಾಗಿ ಪಕ್ಕದ ಬೆಂಚಿನ ನಿರಪರಾಧಿಯನ್ನೂ ನಿಜವಾಗಿ ಸಾಧನ ಇಟ್ಟುಕೊಂಡವರನ್ನೂ ಬೇರ್ಪಡಿಸಿ ಗುರುತಿಸಲು ಕೆಲವು ಹೆಜ್ಜೆಗಳ ಓಡಾಟ ಸಾಕು. ಇದಕ್ಕೊಂದು ಶರತ್ತಿದೆ: ಮೇಲ್ವಿಚಾರಕರು, ಪೊಲೀಸರು, ಶಾಲೆಯ ಸಿಬ್ಬಂದಿ ಎಲ್ಲರ ಮೊಬೈಲ್‌ಗಳೂ ಆ ಹೊತ್ತಿನಲ್ಲಿ ಬಂದ್ ಆಗಿರಬೇಕು.

ಈಗಿರುವ ಪರ್ಯಾಯ ಜಾಮರ್. ಕೇಂದ್ರ ಸರ್ಕಾರದ ಅನುಮತಿ ಪಡೆದು, ಬೆಂಗಳೂರಿನ ಬಿಇಎಲ್ ಅಥವಾ ಹೈದರಾಬಾದಿನ ಇಸಿಐಎಲ್‌ನಂಥ ಸಾರ್ವಜನಿಕ ಸಂಸ್ಥೆಗಳಿಂದ ಇವನ್ನು ಪಡೆದು ಪರೀಕ್ಷೆಗಳಲ್ಲಿ ಬಳಸಲು ಅವಕಾಶವಿದೆ. ಜಾಮರ್ ಮೊಬೈಲ್ ತರಂಗಗಳ ಮೇಲೆ ಜೋರಾದ ಗದ್ದಲವನ್ನು ಸುರಿಯುತ್ತದೆ. ಆ ಗದ್ದಲ ಕಾಂಪೌಂಡಿನ ಗೋಡೆ ನೋಡಿ ನಿಲ್ಲುವುದಿಲ್ಲ. ಪರಪ್ಪನ ಅಗ್ರಹಾರದ ಜೈಲಿನ ಸುತ್ತಲಿನ ನಿವಾಸಿಗಳು ಕರೆ ಸಿಗುವುದಿಲ್ಲವೆಂದು ಗೋಳಾಡಿದ್ದನ್ನೂ, 2025ರಲ್ಲಿ ಮಂಗಳೂರಿನ ಕೊಡಿಯಾಲಬೈಲ್ ಜೈಲಿನ ಜಾಮರ್ ವಿರುದ್ಧ ಅಕ್ಕಪಕ್ಕದವರು ಪ್ರತಿಭಟನೆಗೆ ಇಳಿದದ್ದನ್ನೂ ಈ ಪತ್ರಿಕೆ ಓದುವವರೆಲ್ಲ ಬಲ್ಲರು. ಆ ಗದ್ದಲದ ವ್ಯಾಪ್ತಿಯೊಳಗೆ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕರೆ ಹೋಗುವುದಿಲ್ಲ. ಇದರ ದೊಡ್ಡ ರೂಪವೇ ಪರೀಕ್ಷೆಗಾಗಿ ಇಡೀ ಜಿಲ್ಲೆಗಳ ಇಂಟರ್ನೆಟ್ ನಿಲ್ಲಿಸುವುದು. 2021ರ ಸೆಪ್ಟೆಂಬರ್‌ನಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗಾಗಿ ರಾಜಸ್ಥಾನ ಇದನ್ನು ಮಾಡಿತು, 2022ರಲ್ಲಿ ನೇಮಕಾತಿ ಪರೀಕ್ಷೆಗಾಗಿ ಅಸ್ಸಾಂ ಮಾಡಿತು. ಇಷ್ಟಾದರೂ ಜಾಮರ್ ಯಾರನ್ನೂ ಹಿಡಿಯುವುದಿಲ್ಲ. ಸಾಧನ ಹೊತ್ತು ಬಂದವನು ಅಂದು ಉತ್ತರ ಕೇಳಿಸದೆ ಮನೆಗೆ ಹೋಗುತ್ತಾನೆ, ಮುಂದಿನ ಪರೀಕ್ಷೆಗೆ ಮತ್ತೆ ಬರುತ್ತಾನೆ. ಅವನಿಗೆ ಸಾಧನ ಮಾರಿದವನ, ಹೊರಗೆ ಕೂತು ಉತ್ತರ ಓದುವವನ ಜಾಡು ಹಿಡಿಯಲು ತನಿಖಾಧಿಕಾರಿಗೆ ಎಳೆಯೇ ಸಿಗುವುದಿಲ್ಲ. ಜಾಮರ್ ಮತ್ತು ಆಲಿಕೆ ಎರಡನ್ನೂ ಒಟ್ಟಿಗೆ ನಡೆಸಲೂ ಆಗದು. ಗದ್ದಲ ಎಬ್ಬಿಸಿದ ಮೇಲೆ ಅದರಡಿಯ ಪಿಸುಮಾತು ಯಾವ ಗ್ರಾಹಕಕ್ಕೂ ಕೇಳಿಸದು. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ತಂತ್ರಜ್ಞರು ಮೊದಲು ಎತ್ತುವ ಆಕ್ಷೇಪ ಸಕಾರಣವಾದದ್ದು: ಉದ್ದೇಶವಿಲ್ಲದ ಸೋರಿಕೆ ತೀರಾ ಕ್ಷೀಣ, ಆರಿಸಿಟ್ಟ ಸಾಧನದಿಂದ ಅದೂ ಇಲ್ಲ. ಮನೆಬಳಕೆಯ ಎಲೆಕ್ಟ್ರಾನಿಕ್ ಉಪಕರಣ 10 ಮೀಟರ್ ದೂರದಲ್ಲಿ, 30ರಿಂದ 230 ಮೆಗಾಹರ್ಟ್ಸ್ ನಡುವೆ, ಮೀಟರಿಗೆ ಸುಮಾರು 30 ಮೈಕ್ರೊವೋಲ್ಟ್‌ಗಿಂತ ಹೆಚ್ಚು ಸೋರಬಾರದೆಂಬುದು ಅಂತರರಾಷ್ಟ್ರೀಯ ಮಿತಿ; ಒಳ್ಳೆಯ ಸಾಧನಗಳು ಅದಕ್ಕಿಂತಲೂ ಕಡಿಮೆ ಸೋರುತ್ತವೆ. ಸುಮ್ಮನೆ ಚಿತ್ರ ದಾಖಲಿಸಿಕೊಳ್ಳುತ್ತ ಕೂತ, ವೈಫೈ ಇಲ್ಲದ ಗುಪ್ತ ಕ್ಯಾಮೆರಾವನ್ನು ಬರೀ ಅದರ ಸೋರಿಕೆಯಿಂದ ಹುಡುಕುವುದು ಕಷ್ಟವೇ. ಬಟ್ಟೆ ಬದಲಿಸುವ ಕೋಣೆ, ವಸತಿಗೃಹಗಳಲ್ಲಿ ಹುಡುಕುವವರು ಮಸೂರದ ಪ್ರತಿಫಲನ ನೋಡುವಂಥ ಬೇರೆ ದಾರಿಗಳನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. ಬರೀ ಆಲಿಸುವ ದಾರಿಯ ಮಿತಿಗೆ ಇತಿಹಾಸದಲ್ಲಿ ಪ್ರಸಿದ್ಧ ನಿದರ್ಶನವೊಂದಿದೆ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿ ಆವೆರೆಲ್ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನವನ್ನು ಉಡುಗೊರೆ ಕೊಟ್ಟರು. ಅದರೊಳಗೆ ಲೆವ್ ಟೆರ್ಮೆನ್ ರೂಪಿಸಿದ ಕದ್ದುಕೇಳುವ ಸಾಧನವಿತ್ತು. ಬ್ಯಾಟರಿ ಇಲ್ಲ, ವಿದ್ಯುನ್ಮಂಡಲ ಇಲ್ಲ, ಹೊರಗಿನಿಂದ ಅಲೆ ಹಾಯಿಸಿದಾಗ ಮಾತ್ರ ಮಿಡಿಯುವ ಲೋಹದ ಪೊಳ್ಳು. ಅದು ರಾಯಭಾರಿಯ ಅಧ್ಯಯನ ಕೊಠಡಿಯ ಗೋಡೆಯ ಮೇಲೆ 1952ರವರೆಗೂ ತೂಗುತ್ತಿತ್ತು. ಆರಿದ ಸಾಧನವನ್ನೂ ಹಿಡಿಯಬೇಕಾದಲ್ಲಿ, ಅಲೆ ಹಾಯಿಸಿ ಸಿಲಿಕಾನ್ ಚಿಪ್‌ಗಳಿಂದ ಮರಳುವ ಅದರ ಎರಡನೆಯ ಗುಣಕವನ್ನು, ಅಂದರೆ ಎರಡು ಪಟ್ಟು ಕಂಪನಾಂಕದ ಅಲೆಯನ್ನು, ಹುಡುಕುವ ಉಪಕರಣಗಳಿವೆ. ತುಕ್ಕು ಹಿಡಿದ ಮೊಳೆ ಮೂರನೆಯ ಗುಣಕವನ್ನು ಹೆಚ್ಚು ಮರಳಿಸುವುದರಿಂದ ಎರಡನ್ನೂ ಬೇರ್ಪಡಿಸಬಹುದು. ಪರೀಕ್ಷಾ ಕೊಠಡಿಗೆ ಆ ದುಬಾರಿ ಉಪಕರಣ ಬೇಕಿಲ್ಲ. ಆರಿಸಿಟ್ಟ ಮೊಬೈಲ್‌ನಿಂದ ಉತ್ತರ ಕೇಳಿಸಿಕೊಳ್ಳಲು ಆಗದು. ಅಕ್ರಮಕ್ಕೆ ಉಪಯೋಗವಾಗುವ ಗಳಿಗೆಯಲ್ಲೇ ಸಾಧನ ಸದ್ದು ಮಾಡುತ್ತದೆ, ನಮಗೆ ಬೇಕಾದದ್ದೂ ಆ ಗಳಿಗೆಯೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ: ಅಲೆಯನ್ನು ತಪ್ಪಾಗಿ ಓದಿ ನಿರಪರಾಧಿಯನ್ನು ಎಬ್ಬಿಸಿದರೆ? ಈ ಭಯಕ್ಕೆ ಆಧಾರವಿದೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲಿ 1998ರಿಂದ ಆಗಾಗ ವಿಚಿತ್ರ ಮಿಡಿತಗಳು ದಾಖಲಾಗುತ್ತಿದ್ದವು; ಆಕಾಶದ ದೂರದ ಮೂಲೆಯಿಂದ ಬರುವ ಮಿಡಿತಗಳನ್ನು ಅವು ಹೋಲುತ್ತಿದ್ದವು. 2015ರಲ್ಲಿ ಮೂಲ ಸಿಕ್ಕಿತು: ಅದೇ ಆವರಣದ ಮೈಕ್ರೊವೇವ್ ಒಲೆ. ಬಿಸಿ ಮಾಡುವುದು ಮುಗಿಯುವ ಮೊದಲೇ ಯಾರೋ ಬಾಗಿಲು ತೆರೆದಾಗಲೆಲ್ಲ ಅದು ಆ ಮಿಡಿತವನ್ನು ಹೊರಗೆಸೆಯುತ್ತಿತ್ತು. ಜಗತ್ತಿನ ಅತ್ಯುತ್ತಮ ರೇಡಿಯೊ ತಜ್ಞರಿಗೇ ಹದಿನೇಳು ವರ್ಷ ಬೇಕಾಯಿತು. ಯುದ್ಧಕಾಲದಲ್ಲಿ ಇಂಥ ತಪ್ಪು ಓದಿಗೆ ತೆತ್ತ ಬೆಲೆ ಇನ್ನೂ ದೊಡ್ಡದು. 1943ರ ಬೇಸಿಗೆಯಲ್ಲಿ ತಮ್ಮ ಜಲಾಂತರ್ಗಾಮಿಗಳು ಒಂದರ ಹಿಂದೊಂದು ಮುಳುಗಿದಾಗ, ಅವುಗಳ ಮೇಲಿದ್ದ ‘ಮೆಟಾಕ್ಸ್’ ಗ್ರಾಹಕದ ಸೋರಿಕೆಯೇ ಶತ್ರು ವಿಮಾನಗಳಿಗೆ ಸುಳಿವು ಕೊಡುತ್ತಿದೆಯೆಂದು ಜರ್ಮನರು ನಂಬಿ ಅದರ ಬಳಕೆ ನಿಲ್ಲಿಸಿದರು. ಮೆಟಾಕ್ಸ್ ಸೋರುತ್ತಿದ್ದದ್ದು ನಿಜ. ಆದರೆ ಅವರನ್ನು ಹಿಡಿಯುತ್ತಿದ್ದದ್ದು ಮಿತ್ರಪಡೆಗಳ ಹತ್ತು ಸೆಂಟಿಮೀಟರ್ ರೇಡಾರ್ ಮತ್ತು ಒಡೆದ ಗೂಢಲಿಪಿ. ಹೀಗಾಗಿ ಯಂತ್ರದ ಮುಳ್ಳು ಅಲುಗಿದ ಮಾತ್ರಕ್ಕೆ ಅಭ್ಯರ್ಥಿಯ ಉತ್ತರಪತ್ರಿಕೆ ಕಸಿಯುವಂತಿಲ್ಲ. ಅವರನ್ನು ಸದ್ದಿಲ್ಲದೆ ಪಕ್ಕದ ಕೊಠಡಿಗೆ ಕರೆದೊಯ್ದು, ಅವರದೇ ಲಿಂಗದ ಅಧಿಕಾರಿ ವಿಚಾರಿಸಬೇಕು. ಸಾಧನ ಸಿಗದಿದ್ದರೆ ಕಳೆದ ನಿಮಿಷಗಳನ್ನು ಮರಳಿ ಕೊಡಬೇಕು. ಈಗ ನೂರಾರು ಜನರನ್ನು ಅನುಮಾನಿಸಿ ಬಾಗಿಲಲ್ಲೇ ತಡಕುವುದಕ್ಕಿಂತ, ಕಾರಣವಿದ್ದ ಒಬ್ಬರನ್ನು ಮರ್ಯಾದೆಯಿಂದ ವಿಚಾರಿಸುವುದರಲ್ಲಿ ಅನ್ಯಾಯದ ಸಾಧ್ಯತೆ ಬಹಳ ಕಡಿಮೆ. ಶ್ರವಣ ಸಾಧನ ಹಾಕುವವರಿದ್ದಾರೆ, ಸಕ್ಕರೆ ಕಾಯಿಲೆಗೆ ತೋಳಿನ ಮೇಲೆ ಬ್ಲೂಟೂತ್ ಸಂವೇದಕ ಅಂಟಿಸಿಕೊಂಡವರಿದ್ದಾರೆ. ಇವರ ವಿವರ ಪ್ರವೇಶಪತ್ರದಲ್ಲೇ ಮೊದಲು ನಮೂದಾಗಬೇಕು, ಕೊಠಡಿಯಲ್ಲಿ ಎಲ್ಲರೆದುರು ವಿವರಣೆ ಕೊಡುವ ಪಾಡು ಅವರಿಗೆ ಬರಬಾರದು.

ದುಡ್ಡು, ಪರಿಣತಿ ಎಲ್ಲಿಂದ ತರುವುದು ಎಂದು ಕೇಳುವವರಿಗೆ ಕರ್ನಾಟಕದಲ್ಲಿ ಉತ್ತರ ಸುಲಭ. ಟಿವಿ ನೋಡಲೆಂದು ತಯಾರಾದ ಒಂದು ಯುಎಸ್‌ಬಿ ಡಾಂಗಲ್ ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಕಂಪ್ಯೂಟರಿಗೆ ಉಣಿಸಬಲ್ಲದೆಂದು ಹವ್ಯಾಸಿಗಳು ಹತ್ತು ವರ್ಷಗಳಿಗೂ ಹಿಂದೆಯೇ ಕಂಡುಕೊಂಡರು. ಬೆಲೆ ಕೆಲವೇ ಸಾವಿರ ರೂಪಾಯಿ. ಬ್ಲೂಟೂತ್‌ನ 2.4 ಗಿಗಾಹರ್ಟ್ಸ್‌ಗೆ ಬೇರೆ ಗ್ರಾಹಕ ಬೇಕು, ಅದೂ ಕೈಗೆಟುಕದ ವಸ್ತುವಲ್ಲ. ಕೊರಳ ಸುರುಳಿ ಹುಡುಕುವ ಸಾಧನವನ್ನು ಪಾಲಿಟೆಕ್ನಿಕ್ ವಿದ್ಯಾರ್ಥಿಗಳೇ ಕಟ್ಟಬಲ್ಲರು. ಪರಿಣತಿಯ ಮಾತಿಗೆ ಬಂದರೆ, ಬೇಡದ ಅಲೆಗಳ ನಡುವೆ ಬೇಕಾದ ಅತಿ ಕ್ಷೀಣ ಅಲೆಯನ್ನು ಹುಡುಕುವುದರಲ್ಲಿ ನಮ್ಮ ರಾಜ್ಯದವರಿಗಿರುವಷ್ಟು ಅನುಭವ ದೇಶದಲ್ಲಿ ಹೆಚ್ಚು ಕಡೆ ಇಲ್ಲ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ 1970ರ ದಶಕದಿಂದ ಸೂರ್ಯ, ಆಕಾಶಗಂಗೆಗಳ ಅಲೆಗಳನ್ನು ಆಲಿಸುತ್ತಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ವಿಶ್ವದ ಮೊದಲ ನಕ್ಷತ್ರಗಳ ಕುರುಹು ಹುಡುಕಲು ‘ಸರಸ್’ ಎಂಬ ಉಪಕರಣ ಕಟ್ಟಿ, 2020ರಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆಯ ಮೇಲೆ, ಬಳಿಕ ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟಿತ್ತು. ಅಂಥ ಪ್ರಯೋಗದಲ್ಲಿ ಹೊರಗಿನ ಗದ್ದಲದಷ್ಟೇ ತಮ್ಮದೇ ಉಪಕರಣದ ಸೋರಿಕೆಯನ್ನೂ ಗುರುತಿಸಿ ಕಳೆಯಬೇಕಾಗುತ್ತದೆ. ಅವರು ತಮ್ಮ ವಿಜ್ಞಾನ ಬಿಟ್ಟು ಪರೀಕ್ಷೆ ಕಾಯಲು ಬರಬೇಕಿಲ್ಲ. ಅಳತೆಯ ಕ್ರಮವನ್ನು ಬರೆದುಕೊಟ್ಟು, ಜಿಲ್ಲೆಗೆ ಕೆಲವು ಎಂಜಿನಿಯರಿಂಗ್ ಉಪನ್ಯಾಸಕರನ್ನು ತಯಾರು ಮಾಡಿಕೊಟ್ಟರೆ ಸಾಕು.

ಇನ್ನು ಉಳಿದದ್ದು ಖಾಸಗಿತನದ ಪ್ರಶ್ನೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಪರೀಕ್ಷಾ ಕೊಠಡಿಯಲ್ಲಿ ಅಲೆ ಆಲಿಸಲು ಕಲಿತ ಸರ್ಕಾರ ನಾಳೆ ನಮ್ಮ ಮನೆ ಮುಂದೆ ವ್ಯಾನು ನಿಲ್ಲಿಸಿದರೆ? ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ‘ಕೈಲೋ’ ಪ್ರಕರಣದಲ್ಲಿ ಇಂಥದ್ದೇ ಪ್ರಶ್ನೆ ಎದುರಿಸಿತು. ಪೊಲೀಸರು ರಸ್ತೆಯಲ್ಲೇ ಇದ್ದು, ಮನೆಯ ಗೋಡೆಯಿಂದ ಹೊರಸೂಸುವ ಶಾಖವನ್ನು ಕ್ಯಾಮೆರಾದಿಂದ ಅಳೆದು ಒಳಗೆ ಗಾಂಜಾ ಬೆಳೆಸುತ್ತಿರುವುದನ್ನು ಊಹಿಸಿದ್ದರು. ಶಾಖ ತಾನಾಗಿ ಹೊರಬಂದದ್ದು, ಅದನ್ನು ಅಳೆದರೆ ತಪ್ಪೇನು ಎಂಬುದು ಸರ್ಕಾರದ ವಾದ. ಐವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ, ನಾಲ್ವರು ಒಪ್ಪಿದರು: ಸಾಮಾನ್ಯ ಬಳಕೆಯಲ್ಲಿಲ್ಲದ ಉಪಕರಣದಿಂದ ಮನೆಯೊಳಗಿನ ಬದುಕನ್ನು ಅರಿಯುವುದು ಶೋಧನೆಯೇ, ಅದಕ್ಕೆ ವಾರಂಟ್ ಬೇಕು ಎಂದಾಯಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆಳಕಿನಲ್ಲಿ, ನಮ್ಮ ಸಾಧನಗಳಿಂದ ಬೇಡದೆಯೂ ಹೊರಬೀಳುವ ಅಲೆ ಸಾರ್ವಜನಿಕ ಸೊತ್ತಲ್ಲ ಎಂಬುದೇ ನನ್ನ ನಿಲುವು. ನಾವು ಬಿಟ್ಟುಕೊಟ್ಟದ್ದಲ್ಲ ಅದು, ನಿಸರ್ಗ ನಮ್ಮಿಂದ ಸೋರಿಸಿದ್ದು. ಮನೆಯ ವಿಷಯದಲ್ಲಿ ಅದನ್ನು ಆಲಿಸಲು ನ್ಯಾಯಾಲಯದ ಅಪ್ಪಣೆ ಇರಲೇಬೇಕು. ಪರೀಕ್ಷಾ ಕೊಠಡಿಯ ಮಾತು ಬೇರೆ. ಅಲ್ಲಿಗೆ ಎಲೆಕ್ಟ್ರಾನಿಕ್ ಸಾಧನ ತರುವಂತಿಲ್ಲವೆಂದು ಅಭ್ಯರ್ಥಿ ಒಪ್ಪಿ ಬಂದಿರುತ್ತಾರೆ, ಅವಧಿ ಕೆಲವೇ ಗಂಟೆ, ಜಾಗ ನಾಲ್ಕು ಗೋಡೆಯ ಒಳಗೆ. ಅಲ್ಲೂ ಮುಚ್ಚುಮರೆ ಇರಬಾರದು. ಅಲೆಗಳನ್ನು ಅಳೆಯಲಾಗುವುದೆಂದು ಪ್ರವೇಶಪತ್ರದಲ್ಲೇ ಅಚ್ಚಾಗಬೇಕು. ಸುತ್ತಲಿನ ಮೊಬೈಲ್‌ಗಳ ಗುರುತನ್ನೆಲ್ಲ ಬಾಚಿಕೊಳ್ಳುವ ನಕಲಿ ಟವರ್‌ಗಳಂಥ ಉಪಕರಣ ಕೊಠಡಿಯ ಬಳಿಯೂ ಸುಳಿಯಬಾರದು. ಪ್ರಕರಣ ದಾಖಲಾಗದ ಕೊಠಡಿಯ ಅಳತೆಗಳನ್ನು ಫಲಿತಾಂಶದ ಬೆನ್ನಿಗೇ ಅಳಿಸಬೇಕು. ಈ ಕಟ್ಟುಪಾಡುಗಳು ಆದೇಶದಲ್ಲಿ ಬರೆದಿರದಿದ್ದರೆ ಈ ವಿದ್ಯೆ ಬೇಡವೇ ಬೇಡ ಎನ್ನುವವರಲ್ಲಿ ನಾನೂ ಒಬ್ಬ.

ಇದರಿಂದ ಎಲ್ಲ ಅಕ್ರಮವೂ ನಿಲ್ಲುತ್ತದೆಂದು ಯಾರೂ ಭಾವಿಸಬಾರದು. ಪಿಎಸ್‌ಐ ಹಗರಣದಲ್ಲಿ ಓಎಂಆರ್ ಹಾಳೆಗಳನ್ನು ಪರೀಕ್ಷೆ ಮುಗಿದ ಮೇಲೆ ತಿದ್ದಿದ ಆರೋಪದಲ್ಲಿ ಪೊಲೀಸ್ ನೇಮಕಾತಿ ವಿಭಾಗದವರೇ ಬಂಧನಕ್ಕೊಳಗಾದರು. ಅಂಥ ದ್ರೋಹವನ್ನು ಯಾವ ಗ್ರಾಹಕವೂ ಆಲಿಸದು. ಪ್ರಶ್ನೆಪತ್ರಿಕೆ ಮೊದಲೇ ಸೋರಿದರೂ ಅಷ್ಟೇ. ಆದರೆ ಸಾಧನ ಹೊತ್ತು ಬರುವ ಅಕ್ರಮವೊಂದನ್ನಾದರೂ ಯಾರ ಮರ್ಯಾದೆಗೂ ಕುಂದು ತರದೆ ತಡೆಯುವ ದಾರಿ ನಮ್ಮ ಕೈಯಲ್ಲಿದೆ. ಪರೀಕ್ಷಾ ಪ್ರಾಧಿಕಾರ ಮುಂದಿನ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಕೇಂದ್ರಗಳಲ್ಲಾದರೂ ಇದನ್ನು ಪ್ರಯೋಗ ಮಾಡಿ, ಎಷ್ಟು ಸಲ ಅಲೆ ಕಂಡಿತು, ಎಷ್ಟು ಸಲ ಸಾಧನ ಸಿಕ್ಕಿತು, ಎಷ್ಟು ಸಲ ತಪ್ಪಿತು ಎಂಬ ಲೆಕ್ಕವನ್ನು ಜನರ ಮುಂದಿಡಲಿ. ಆ ಕೇಂದ್ರಗಳ ಬಾಗಿಲಲ್ಲಿ ತಾಳಿ, ಜನಿವಾರ, ತಲೆವಸ್ತ್ರಗಳಿಗೆ ಕೈ ಹಾಕಬಾರದೆಂಬ ಲಿಖಿತ ಆದೇಶವನ್ನೂ ಅಂದೇ ಹೊರಡಿಸಲಿ.